ಊರು ಬಿಟ್ಟವನ ಹೆಸರು

ಮಂಗಳೂರು ನಗರದ ನಡುವೆ ಕೊಡಿಯಾಲ್‌ಬೈಲ್ ಎಂಬ ಭಾಗವೊಂದಿರುವುದು ಈ ಜಿಲ್ಲೆಯ ವಾಚಕರಿಗೆ ವಿದಿತವೇ ಆಗಿದೆ. ಪರಸ್ಥಳದವರಿಗಾಗಿ ಎರಡು ಮಾತು ಹೇಳಬೇಕು. ಕೊಂಕಣಿ ಮಾತನಾಡುವವರು ಮಂಗಳೂರನ್ನು ಕೊಡಿಯಾಳವೆಂದು ಕರೆಯುವರು. ಬೈಲೆಂದರೆ ನಮ್ಮ ಕಡೆ ಬರಿಯ ಬಯಲಲ್ಲ. ಗುಡ್ಡಗಳ ನಡುವೆ ನೀರು ಹರಿದು ನಿಂತು ಬತ್ತ ಬೆಳೆಯುವ ತಗ್ಗಿನ ನೆಲ. ನನ್ನ ತಂದೆಯವರು 1958ರಲ್ಲಿ ಇಲ್ಲಿ ಬಂದು ನೆಲಸಿದಾಗ ಮಳೆಗಾಲದ ರಾತ್ರಿಗಳಲ್ಲಿ ಕಪ್ಪೆಗಳ ಕೂಗಿಗೆ ನಿದ್ರೆಯೇ ಬರುತ್ತಿರಲಿಲ್ಲವೆಂದು ಹೇಳುತ್ತಿದ್ದರು. ಇಂದು ಬಿಷಪರ ನಿವಾಸ, ಕೆನರಾ ಕಾಲೇಜು, ಬೆಸೆಂಟ್ ಶಾಲೆ, ಜಿಲ್ಲಾ ಕಾರಾಗೃಹ, ಆಸ್ಪತ್ರೆ, ಹತ್ತಾರು ಅಂತಸ್ತಿನ ವಸತಿಗೃಹಗಳು, ಇವುಗಳ ನಡುವೆ ಗದ್ದೆಯ ಗುರುತು ಹುಡುಕಿದರೂ ದೊರೆಯದು. ಬೈಲು ಹೋಯಿತು, ಹೆಸರು ಉಳಿಯಿತು.

ಹೆಸರುಗಳ ಈ ವಿಚಾರವು ನನ್ನ ತಲೆಯೊಳಗೆ ಹೊಕ್ಕುದು ಕಳೆದ ಆಷಾಢದಲ್ಲಿ. ನನ್ನ ಮಗನು ನಾಲ್ಕು ವರ್ಷಗಳಿಂದ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ನಗರದ ಸಮೀಪದ ಎಸ್ಲಿಂಗೆನ್ ಎಂಬ ಊರಿನಲ್ಲಿ ಉದ್ಯೋಗದಲ್ಲಿರುವನು. ಅಲ್ಲಿ ಅವನಿಗೆ ಹೆಣ್ಣುಮಗುವಾಯಿತು. ಶುಭವಾರ್ತೆಯ ಮರುವಾರವೇ ಅವನು ಮತ್ತೆ ದೂರವಾಣಿಯಲ್ಲಿ ಮಾತನಾಡಿದನು.

"ಅಪ್ಪಾ, ಇಲ್ಲಿಯ ಕಚೇರಿಯಲ್ಲಿ ಮಗುವಿನ ಕುಲನಾಮ ಕೇಳ್ತಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಉಂಟಲ್ಲ. ಈಗ ಭಟ್ ಅಂತ ಬರೆಸುವುದೋ, ನೆಲ್ಲಿಯಡ್ಕ ಅಂತ ಬರೆಸುವುದೋ?"

"ನೀನು ಎಂತ ಹೇಳಿದೆ?"

"ಅಪ್ಪನ ಹತ್ತಿರ ಕೇಳಿ ಹೇಳ್ತೇನೆ ಅಂದೆ. ಹದಿನೈದು ದಿನ ಸಮಯ ಉಂಟು."

ಮೂವತ್ತಮೂರು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ನೆಲ್ಲಿಯಡ್ಕವೆಂಬುದು ನಮ್ಮ ಮೂಲಮನೆಯ ಹೆಸರು. ಬಂಟ್ವಾಳ ತಾಲೂಕಿನಲ್ಲಿ, ವಿಟ್ಲದಿಂದ ಒಳಗೆ, ಒಂದು ಗುಡ್ಡದ ಬದಿಯಲ್ಲಿ ನಾಲ್ಕು ಮನೆಗಳಿದ್ದ ಜಾಗ. ನೀರಿಲ್ಲದ ಸಮತಟ್ಟು ನೆಲಕ್ಕೆ ಅಡ್ಕವೆನ್ನುವರು. ನೆಲ್ಲಿಯ ಮರಗಳಿದ್ದುದರಿಂದ ನೆಲ್ಲಿಯಡ್ಕ. ತಂದೆಯವರು ಒಂದು ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುವ ಕೆಲಸಕ್ಕೆ ಪಟ್ಟಣ ಸೇರಿದಾಗ ಆ ಹೆಸರನ್ನು ಪೂರ್ಣವಾಗಿ ಬರೆಯುತ್ತಿದ್ದರು. ನನ್ನನ್ನು ಶಾಲೆಗೆ ಸೇರಿಸುವಾಗ ಅದು ಒಂದು 'ಎನ್' ಅಕ್ಷರವಾಯಿತು. ಎನ್ ಎಂದರೇನೆಂದು ನನ್ನ ವಿದ್ಯಾರ್ಥಿಗಳು ಪಂಥ ಕಟ್ಟುತ್ತಿದ್ದರು. ನಾರಾಯಣನೆಂದು ಕೆಲವರು, ನರಸಿಂಹನೆಂದು ಕೆಲವರು. ಊರೆಂದು ಯಾರೂ ಊಹಿಸಿದವರಲ್ಲ. ಮಗನ ಕಾಲಕ್ಕೆ ಆ ಅಕ್ಷರವೂ ಬಿಟ್ಟುಹೋಯಿತು.

ಮಾರನೆಯ ದಿನ ಮಳೆ ಹೊಳವಾದುದನ್ನು ನೋಡಿ ಕೊಡೆ ಹಿಡಿದು ಹೊರಟೆನು. ನವಭಾರತ ವೃತ್ತದಿಂದ ಹಂಪನಕಟ್ಟೆಯ ಕಡೆಗೆ ಹೋಗುವ ರಸ್ತೆಯ ಫಲಕದಲ್ಲಿ 'ಕೆ. ಎಸ್. ರಾವ್ ರಸ್ತೆ' ಎಂದು ಬರೆದಿದೆ. ನಿತ್ಯವೂ ನೋಡುವ ಫಲಕ. ಅಂದು ಮಾತ್ರ ಅದರ ಮುಂದೆ ನಿಂತುಬಿಟ್ಟೆನು. ಕೆ ಎಂದರೆ ಕಾರ್ನಾಡು. ಮುಲ್ಕಿಯ ಬಳಿಯ ಊರು ಅದು. ತಮ್ಮ ಸಂಪತ್ತನ್ನೆಲ್ಲ ಸ್ವಾತಂತ್ರ್ಯದ ಹೋರಾಟಕ್ಕೂ ದೀನರ ಸೇವೆಗೂ ಸುರಿದು 1937ರಲ್ಲಿ ಬಡವರಾಗಿಯೇ ತೀರಿಕೊಂಡ ಕಾರ್ನಾಡು ಸದಾಶಿವರಾಯರ ಊರು, ಅವರ ಹೆಸರಿನ ರಸ್ತೆಯಲ್ಲಿಯೇ ಒಂದು ಅಕ್ಷರವಾಗಿದೆ. ನನ್ನ 'ಎನ್' ಅಕ್ಷರಕ್ಕಾಗಿ ನಾನು ದುಃಖಿಸುವುದೇಕೆ?

ಹಂಪನಕಟ್ಟೆಯಿಂದ ದೀಪಸ್ತಂಭದ ಗುಡ್ಡದ ಏರನ್ನು ಹತ್ತಿ ಬಲ್ಮಠಕ್ಕೆ ಹೋದೆನು. ಜರ್ಮನರ ಹೆಸರುಗಳನ್ನು ಮಂಗಳೂರಿನಲ್ಲಿ ಹುಡುಕುವವನು ಅಲ್ಲಿಗೇ ಹೋಗಬೇಕು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ನಿನ ಪಾದ್ರಿಗಳು ಈ ಊರಿಗೆ ಬಂದರು. ಎರಡು ವರ್ಷಗಳ ಬಳಿಕ ಹೆರ್ಮನ್ ಮೋಗ್ಲಿಂಗರು ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ, 1843ರ ಜುಲೈ 1ರಂದು ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟ್ಟೆಲರ ನಿಘಂಟು. ಈ ಕಥೆಯನ್ನು ನಮ್ಮಲ್ಲಿ ಬಾರಿ ಬಾರಿಗೂ ಹೇಳಿರುವುದರಿಂದ ವಿಸ್ತರಿಸುವುದಿಲ್ಲ. ಮೋಗ್ಲಿಂಗರು 1881ರಲ್ಲಿ ತೀರಿಕೊಂಡುದು ಈಗ ನನ್ನ ಮಗನಿರುವ ಆ ಎಸ್ಲಿಂಗೆನ್ನಿನಲ್ಲಿಯೇ ಎಂಬುದನ್ನು ಮಾತ್ರ ಇಲ್ಲಿ ಹೇಳಿ ಮುಂದುವರಿಯುವೆನು.

ಅವರ ಕಾರ್ಯವನ್ನು ನಾವು ನೆನೆಯುವೆವು. ಹೆಸರುಗಳ ಅರ್ಥವನ್ನು ಕೇಳುವವರು ವಿರಳ. ಜರ್ಮನರ ಕುಲನಾಮಗಳು ಆಕಾಶದಿಂದ ಬಿದ್ದವುಗಳಲ್ಲ. ಸುಮಾರು 12ನೆಯ ಶತಮಾನದವರೆಗೆ ಅಲ್ಲಿಯೂ ಸಾಮಾನ್ಯರಿಗೆ ಒಂದೇ ಹೆಸರು. ಪೇಟೆಗಳು ಬೆಳೆದು ಒಂದೇ ಬೀದಿಯಲ್ಲಿ ಹತ್ತು ಮಂದಿ ಯೋಹಾನ್ನರು ಕೂಡಿದಾಗ ಇವನು ಯಾವ ಯೋಹಾನ್ ಎಂಬ ಪ್ರಶ್ನೆ ಹುಟ್ಟಿತು. ತಂದೆಯ ಹೆಸರಿನಿಂದ ಒಬ್ಬನನ್ನು, ವೃತ್ತಿಯಿಂದ ಒಬ್ಬನನ್ನು, ದೇಹದ ಲಕ್ಷಣದಿಂದಲೋ ಸ್ವಭಾವದಿಂದಲೋ ಒಬ್ಬನನ್ನು, ಊರಿನಿಂದ ಒಬ್ಬನನ್ನು ಗುರುತಿಸಿದರು. ಮೊದಲು ಒಬ್ಬನಿಗೆ ಅಂಟಿದ ಗುರುತು ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿದು ಕುಲನಾಮವಾಯಿತು. ಕಿಟ್ಟೆಲೆಂದರೆ ಕೆಲಸಗಾರರು ತೊಡುವ ನಿಲುವಂಗಿ; ಅದನ್ನು ಹೊಲಿಯುವವನಿಗೋ ತೊಡುವವನಿಗೋ ಬಂದ ಹೆಸರು. ಕಿಟ್ಟೆಲರು 1832ರಲ್ಲಿ ಹುಟ್ಟಿದ ಪೂರ್ವ ಫ್ರೀಸ್‌ಲೆಂಡ್ ಎಂಬ ಕಡಲಕರೆಯ ಸೀಮೆಯಲ್ಲಿ ಜನರು ನಮ್ಮಂತೆಯೇ ತಂದೆಯ ಹೆಸರನ್ನೇ ಸೇರಿಸಿಕೊಂಡು, ತಲೆಮಾರಿಗೊಮ್ಮೆ ಬದಲಾಯಿಸುತ್ತ ಇದ್ದರು. 1811ರಲ್ಲಿ ನೆಪೋಲಿಯನ್ನನ ಆಜ್ಞೆ ಬಂದು, ಎಲ್ಲರೂ ಒಂದು ಸ್ಥಿರವಾದ ಕುಲನಾಮವನ್ನು ಬರೆಸಬೇಕಾಯಿತು. ಅವರೂ ನನ್ನ ಮಗನಂತೆಯೇ ಕಚೇರಿಯ ಮುಂದೆ ತಲೆ ಕೆರೆದುಕೊಂಡಿರಬೇಕು.

ಊರಿನಿಂದ ಬಂದ ಹೆಸರುಗಳೇ ನಮಗೆ ಪ್ರಕೃತ. ಬಲ್ಮಠದಲ್ಲಿ 1850ರ ದಶಕದಲ್ಲಿ ಹಾಲ್ಲರ್ ಎಂಬ ನೇಕಾರನಿದ್ದನು. ಮಿಶನ್ನಿನ ಮಗ್ಗದ ಶಾಲೆಯನ್ನು ನಡೆಸಿದ ಈತನೇ ಖಾಕಿ ಬಣ್ಣದ ಬಟ್ಟೆಯನ್ನು ಇಲ್ಲಿ ಸಿದ್ಧಪಡಿಸಿದನೆಂದು ಪ್ರಸಿದ್ಧಿ. ಹಾಲ್ಲರ್ ಎಂದರೆ ಹಾಲ್ ಎಂಬ ಊರಿನವನು. ಹಾಲ್, ಹಾಲ್ಲೆ, ಹಾಲ್ಲೈನ್ ಎಂಬ ಊರುಗಳು ಜರ್ಮನ್ ಮಾತಿನ ಸೀಮೆಯಲ್ಲಿ ಉಪ್ಪಿನ ಊರುಗಳು. ಉಪ್ಪುನೀರಿನ ಬುಗ್ಗೆಯನ್ನೋ ಗಣಿಯನ್ನೋ ನಂಬಿ ಬೆಳೆದವು. ನಮ್ಮ ಉಪ್ಪಿನಂಗಡಿಯವನೊಬ್ಬನು ದೇಶಾಂತರ ಹೋಗಿ ತನ್ನನ್ನು ಉಪ್ಪಿನಂಗಡಿಯೆಂದು ಹೇಳಿಕೊಂಡಂತೆ! ವೂರ್ಟೆಂಬೆರ್ಗಿನ ಹಾಲ್ ಊರಿನ ಟಂಕಸಾಲೆಯಲ್ಲಿ ಹೊಡೆದ ಸಣ್ಣ ನಾಣ್ಯಕ್ಕೂ ಊರಿನಿಂದಲೇ ಹೆಲ್ಲರ್ ಎಂಬ ಹೆಸರು ಬಂದು ಅದು ದೇಶವಿಡೀ ಓಡಾಡಿತು. ಮನುಷ್ಯನಂತೆ ನಾಣ್ಯವೂ ಊರು ಬಿಟ್ಟ ಮೇಲೆಯೇ ಊರಿನ ಹೆಸರನ್ನು ಪಡೆಯಿತು.

ಆ 'ಅರ್' ಎಂಬ ಪ್ರತ್ಯಯವನ್ನು ಗಮನಿಸಬೇಕು. ಎಸ್ಲಿಂಗೆನ್ನಿನವನು ಎಸ್ಲಿಂಗರ್, ವಿಯೆನ್ನಾದವನು, ಎಂದರೆ ಅವರ ಮಾತಿನಲ್ಲಿ ವೀನಿನವನು, ವೀನರ್, ಹಂಬುರ್ಗಿನವನು ಹಂಬುರ್ಗರ್. ಈಗಿನ ಮಕ್ಕಳು ಅಂಗಡಿಯಲ್ಲಿ ಕುಳಿತು ತಿನ್ನುವ ಬರ್ಗರು ಈ ಕೊನೆಯ ಶಬ್ದದ ಮೊದಲರ್ಧವನ್ನು ಕಡಿದುಹಾಕಿ ಮಾಡಿದುದು. ಮೈಸೂರುಪಾಕಿನಲ್ಲಿ 'ರುಪಾಕ'ವನ್ನು ಉಳಿಸಿಕೊಂಡ ಹಾಗೆ. ಗೋವೆಯ ಮಂಗೇಶಿಯವರು ಮಂಗೇಶಕರರಾಗುವುದೂ ಇಂಥದೇ ಕ್ರಮ. ಸಂಸ್ಕೃತದಲ್ಲಿ ಇದನ್ನು ತದ್ಧಿತವೆನ್ನುವರು. ಮಥುರೆಯವನು ಮಾಥುರ, ಮಗಧದವನು ಮಾಗಧ. ಇಲ್ಲಿ ಪಾಣಿನಿ ಮಹರ್ಷಿಯ ಸೂಕ್ಷ್ಮದೃಷ್ಟಿಯನ್ನು ಹೇಳದೆ ಹೋಗುವುದು ಸಂಸ್ಕೃತ ಕಲಿತವನಿಗೆ ಸಾಧ್ಯವಿಲ್ಲ. ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಆತನು ಊರಿನಿಂದ ಮನುಷ್ಯನಿಗೆ ಹೆಸರು ಬರುವ ಎರಡು ದಾರಿಗಳನ್ನು ಬೇರೆಬೇರೆ ಸೂತ್ರಗಳಲ್ಲಿ ಹೇಳಿರುವನು. ಒಂದು ನಿವಾಸ, ಇನ್ನೊಂದು ಅಭಿಜನ. ತಾನು ಈಗ ವಾಸಿಸುವ ಸ್ಥಳ ನಿವಾಸ. ತನ್ನ ಪೂರ್ವಿಕರು ವಾಸಿಸಿದ ಸ್ಥಳ ಅಭಿಜನ. ಪ್ರತ್ಯಯ ಒಂದೇ, ಅರ್ಥ ಬೇರೆ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ನನ್ನ ನಿವಾಸ ಕೊಡಿಯಾಲ್‌ಬೈಲು, ಅಭಿಜನ ನೆಲ್ಲಿಯಡ್ಕವೆಂದು ಆ ಸೂತ್ರಗಳನ್ನು ನನ್ನ ಮೇಲೆಯೇ ಪ್ರಯೋಗಿಸಿ ನೋಡುವ ಬುದ್ಧಿ ಅರುವತ್ತು ದಾಟುವ ತನಕ ಬಂದಿರಲಿಲ್ಲ.

ಬಲ್ಮಠದ ಹೆಸರುಗಳಲ್ಲಿ ಇದಕ್ಕೆ ಒಂದು ಒಳ್ಳೆಯ ನಿದರ್ಶನವುಂಟು. 1869ರಲ್ಲಿ ಯೋಹಾನ್ನೆಸ್ ಹೆಸ್ಸೆ ಎಂಬ ಇಪ್ಪತ್ತೆರಡು ವರ್ಷದ ತರುಣನು ಭಾರತಕ್ಕೆ ಬಂದು, ಮಂಗಳೂರಿನಲ್ಲಿ ಧರ್ಮೋಪದೇಶಕರನ್ನು ಸಿದ್ಧಪಡಿಸುವ ಮಿಶನ್ನಿನ ಪಾಠಶಾಲೆಯಲ್ಲಿ ಉಪಾಧ್ಯಾಯನಾದನು. ನಮ್ಮ ಹವೆ ಮೈಗೆ ಹಿಡಿಸದೆ 1873ರಲ್ಲಿ ಹಿಂದಿರುಗಿದನು. ಹೆಸ್ಸೆಯೆಂದರೆ ಹೆಸ್ಸೆನ್ ಸೀಮೆಯವನು. ಆದರೆ ಈತನು ಹುಟ್ಟಿದುದು ಹೆಸ್ಸೆನ್ನಿನಲ್ಲಿ ಅಲ್ಲ. ಅದಕ್ಕೆ ಬಹುದೂರದಲ್ಲಿ, ರಷ್ಯದ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿದ್ದ ಎಸ್ಟೋನಿಯದಲ್ಲಿ. ಎಂದೋ ಯಾವನೋ ಒಬ್ಬ ಪೂರ್ವಿಕನು ಹೆಸ್ಸೆನ್ನನ್ನು ಬಿಟ್ಟುಬಂದಿದ್ದನು. ಬಂದ ಊರಿನವರು ಅವನನ್ನು ಹೆಸ್ಸೆನ್ನಿನವನೆಂದು ಕರೆದರು. ಹೆಸ್ಸೆನ್ನಿನ ಒಳಗೆ ಒಬ್ಬನನ್ನು ಹೆಸ್ಸೆನ್ನಿನವನೆಂದರೆ ಏನು ಗುರುತು ಸಿಕ್ಕೀತು? ಎಲ್ಲರೂ ಅಲ್ಲಿಯವರೇ. ಹಾಗಾಗಿ ಆ ಹೆಸರು ಹುಟ್ಟಬೇಕಾದರೆ ಮನುಷ್ಯನು ಮೊದಲು ಊರು ಬಿಡಬೇಕು. ಊರಿನ ಹೆಸರನ್ನು ಹೊತ್ತವನು ಆ ಊರಿನಲ್ಲಿ ಇಲ್ಲದವನೆಂಬುದೇ ಅದರ ನಿಜವಾದ ಅರ್ಥ.

ನಮ್ಮವರನ್ನೇ ನೋಡಿ. ಗಿರೀಶ ಕಾರ್ನಾಡರು 1938ರಲ್ಲಿ ಹುಟ್ಟಿದುದು ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಬೆಳೆದುದು ಶಿರಸಿ, ಧಾರವಾಡಗಳಲ್ಲಿ. ಪಂಜೆ ಮಂಗೇಶರಾಯರು ಹುಟ್ಟಿದುದು ಬಂಟ್ವಾಳದಲ್ಲಿ. ಪಂಜವಿರುವುದು ಅಲ್ಲಿಂದ ದೂರ, ಸುಬ್ರಹ್ಮಣ್ಯದ ದಾರಿಯಲ್ಲಿ. ಶ್ಯಾಮ ಬೆನಗಲ್ಲರು ಸಿಕಂದರಾಬಾದಿನ ಬಳಿ ಹುಟ್ಟಿ ಮುಂಬಯಿಯಲ್ಲಿ ಬಾಳಿದರು. ಬೆನಗಲ್ ಎಂಬ ಊರು ಉಡುಪಿಯ ಕಡೆಯದು. ಸಾರಸ್ವತರಲ್ಲಿ ಊರಿನ ಹೆಸರುಗಳು ಹೀಗೆ ಹೇರಳವಾಗಿರುವುದೇ ಅವರು ಉದ್ಯೋಗನಿಮಿತ್ತ ಬಹಳವಾಗಿ ಊರು ಬಿಟ್ಟವರೆಂಬುದಕ್ಕೆ ಸಾಕ್ಷಿಯಲ್ಲವೆ? ಕನ್ನಡಿಗರು ಮೊದಲಿನಿಂದ ಊರನ್ನು ಹೆಸರಿನ ಮುಂದೆ ಇಡುತ್ತಿದ್ದರು, ಪಂಜೆ ಮಂಗೇಶರಾವ್ ಎಂಬ ಹಾಗೆ. ಮುಂಬಯಿಗೆ ಹೋದವರು ಅದನ್ನು ಹಿಂದಕ್ಕೆ ಇಟ್ಟರು. ಮುಂದೆ ಇಟ್ಟವರ ಊರು ಮೊದಲಕ್ಷರವಾಗಿ ಕುಗ್ಗಿತು, ಹಿಂದೆ ಇಟ್ಟವರ ಊರು ಪೂರ್ಣವಾಗಿ ಉಳಿಯಿತು. ನಮ್ಮ ಕೊಡಿಯಾಲ್‌ಬೈಲಿಗೂ ಆ ಭಾಗ್ಯ ಬಂದಿದೆ. ತುಳು ನಾಟಕಕಾರರಾದ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ಹೆಸರಿನ ಹಿಂದೆ ಅದು ಊರೂರು ತಿರುಗುತ್ತಿದೆ.

ಇನ್ನು ವಿರಳತೆಯ ಮಾತು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆಯುಂಟು. 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದ ಆಗಸ್ಟಸ್ ಮುಲ್ಲರರ ನೆನಪಿನದು. ಮುಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು. ಜರ್ಮನಿಯಲ್ಲಿ ಅತ್ಯಧಿಕ ಜನರಿಗಿರುವ ಕುಲನಾಮ ಇದೇ. ಅದರ ಹಿಂದೆ ಕಮ್ಮಾರನೆಂಬ ಅರ್ಥದ ಶ್ಮಿಟ್, ದರ್ಜಿಯೆಂಬ ಅರ್ಥದ ಶ್ನೈಡರ್, ಮೀನು ಹಿಡಿಯುವವನೆಂಬ ಫಿಶರ್. ಕಾರಣ ಸ್ಪಷ್ಟವಾಗಿದೆ. ಹಳ್ಳಿಗೊಂದು ಗಿರಣಿ, ಹಳ್ಳಿಗೊಬ್ಬ ಕಮ್ಮಾರ. ಒಂದೇ ಹೆಸರು ಸಾವಿರ ಹಳ್ಳಿಗಳಲ್ಲಿ ಸಾವಿರ ಬಾರಿ ಪ್ರತ್ಯೇಕವಾಗಿ ಹುಟ್ಟಿತು. ಇಬ್ಬರು ಮುಲ್ಲರರು ಎದುರುಬದುರಾದರೆ ಬಂಧುಗಳೆಂದು ಹೇಳಲಾಗದು. ಊರಿನ ಹೆಸರುಗಳ ಸ್ಥಿತಿ ಇದಕ್ಕೆ ವಿಪರೀತ. ಊರುಗಳು ಅಸಂಖ್ಯ, ಆದಕಾರಣ ಆ ಜಾತಿಯ ಕುಲನಾಮಗಳೂ ಅಸಂಖ್ಯ, ಆದರೆ ಒಂದೊಂದನ್ನು ಹೊತ್ತವರು ಸ್ವಲ್ಪ. ಹೆಸ್ಸೆನ್, ಬವೇರಿಯದಂಥ ದೊಡ್ಡ ಸೀಮೆಯನ್ನು ಬಿಟ್ಟವರು ಬಹಳ ಮಂದಿ, ಹಾಗಾಗಿ ಹೆಸ್ಸೆ, ಬಾಯರ್ ಎಂಬವು ಸಾಕಷ್ಟಿವೆ. ನಮ್ಮ ಮನೆಯ ಔಷಧದ ಪೆಟ್ಟಿಗೆಯಲ್ಲಿರುವ ಮಾತ್ರೆಯ ಮೇಲಿನ ಬಾಯರ್ ಎಂಬುದೂ ಬವೇರಿಯದವನೆಂಬ ಹೆಸರೇ. ನಾಲ್ಕು ಮನೆಗಳ ಹಳ್ಳಿಯಿಂದ ಹೊರಬಿದ್ದವನಾದರೋ ಒಬ್ಬನೋ ಇಬ್ಬರೋ. ಅವನ ಸಂತತಿ ಬೆಳೆದರೆ ಹೆಸರು ಬೆಳೆಯಿತು. ಎರಡು ತಲೆಮಾರು ಗಂಡು ಸಂತಾನವಿಲ್ಲದಿದ್ದರೆ, ತಂದೆಯಿಂದಲೇ ಕುಲನಾಮ ಇಳಿಯುತ್ತಿದ್ದ ಆ ಕಾಲದಲ್ಲಿ, ಹೆಸರು ಮುಗಿಯಿತು. ಇಂಥ ವಿರಳವಾದ ಹೆಸರಿನವರು ಇಬ್ಬರು ಎಲ್ಲಿಯಾದರೂ ಸಂಧಿಸಿದರೆ, ಒಂದೇ ಮನೆಯ ಬೇರಿನವರಾಗಿರುವ ಸಂಭವ ಹೆಚ್ಚು.

ಹದಿನೈದನೆಯ ಶತಮಾನದ ಒಬ್ಬ ಜ್ಯೋತಿರ್ವಿದನ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಆತನೂ ಹುಟ್ಟಿನಿಂದ ಮುಲ್ಲರನೇ, ಯೋಹಾನ್ನೆಸ್ ಮುಲ್ಲರ್. ಅಷ್ಟು ಮಂದಿ ಮುಲ್ಲರರ ನಡುವೆ ಲೋಕವು ಅವನನ್ನು ಅವನ ಊರಿನಿಂದ ಗುರುತಿಸಿತು. ಊರು ಫ್ರಾಂಕೋನಿಯದ ಕ್ಯೋನಿಗ್ಸ್‌ಬೆರ್ಗ್, ಎಂದರೆ ರಾಜನ ಗುಡ್ಡ. ಲ್ಯಾಟಿನ್ ಭಾಷೆಯಲ್ಲಿ ತದ್ಧಿತ ಹಚ್ಚಿ ರೆಜಿಯೋಮೊಂಟಾನಸ್ ಎಂದರು. ಸಂಸ್ಕೃತದಲ್ಲಾದರೆ ರಾಜಗಿರೀಯನೆನ್ನಬಹುದು.

ಅದೇ ಹೆಸರಿನ ಇನ್ನೊಂದು ಊರು, ಬಹು ದೊಡ್ಡದು, ಬಾಲ್ಟಿಕ್ ಕಡಲಿನ ಹತ್ತಿರವಿತ್ತು. ತತ್ತ್ವಜ್ಞಾನಿ ಕಾಂಟನು ಹುಟ್ಟಿ ಬಾಳಿ ಮಡಿದುದು ಅಲ್ಲಿಯೇ. ಆ ಊರಿನ ಸೀಮೆಯನ್ನು ಬಿಟ್ಟು ಹೋಗದ ಅವನಿಗೆ ಊರಿನ ಹೆಸರು ಬೇಕಾಗಲಿಲ್ಲ. ಇತ್ತ 1939ರಲ್ಲಿ ಓಟ್ಟೋ ಕ್ಯೋನಿಗ್ಸ್‌ಬೆರ್ಗರ್ ಎಂಬ ವಾಸ್ತುಶಿಲ್ಪಿಯು ಮೈಸೂರು ಸಂಸ್ಥಾನದ ಸೇವೆಗೆ ಬಂದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಆತನವು. ಹುಟ್ಟಿದುದು 1908ರಲ್ಲಿ ಬರ್ಲಿನ್ನಿನಲ್ಲಿ. ಹಿಟ್ಲರನ ಆಳಿಕೆಯಲ್ಲಿ ಯೆಹೂದ್ಯ ಮೂಲದವರಿಗೆ ಬಂದ ಗತಿಯಿಂದ ದೇಶಬಿಟ್ಟವನು. ಹೆಸರು ಮಾತ್ರ ಕ್ಯೋನಿಗ್ಸ್‌ಬೆರ್ಗಿನವನೆಂದು. ಯುದ್ಧ ಮುಗಿದು 1946ರಲ್ಲಿ ಬಾಲ್ಟಿಕ್ಕಿನ ಆ ಕ್ಯೋನಿಗ್ಸ್‌ಬೆರ್ಗಿಗೆ ರಷ್ಯನರು ಕಲಿನಿನ್‌ಗ್ರಾಡ್ ಎಂದು ಹೆಸರಿಟ್ಟರು. ಅಲ್ಲಿಯ ಜರ್ಮನರನ್ನು ಹೊರಗೆ ಕಳುಹಿಸಿದರು. ಏಳು ಶತಮಾನಗಳ ಹೆಸರು ಭೂಪಟದಿಂದ ಅಳಿಸಿಹೋಯಿತು. ಅದೀಗ ಲೋಕದಲ್ಲಿ ಉಳಿದಿರುವುದು ಹಳೆಯ ಪುಸ್ತಕಗಳಲ್ಲಿ ಮತ್ತು ಎಂದೋ ಊರು ಬಿಟ್ಟವರ ಕುಲನಾಮಗಳಲ್ಲಿ.

ಇಷ್ಟನ್ನೆಲ್ಲ ಮನೆಗೆ ಬಂದು ವಿಸ್ತಾರವಾಗಿ ಹೇಳಿದಾಗ ನನ್ನ ಪತ್ನಿಯು ಅಕ್ಕಿ ಆರಿಸುತ್ತಲೇ, "ಹೆಣ್ಣುಮಗು ಅಲ್ಲವಾ. ನೀವು ಈಗ ಎಷ್ಟು ಯೋಚನೆ ಮಾಡಿ ಹೆಸರು ಕೊಟ್ಟರೂ ಮದುವೆಯಾದ ದಿನ ಬದಲಾದೀತು" ಎಂದಳು. ಮಾತು ನನಗೆ ನಾಟಿತು. ಹೆಸ್ಸೆಯ ಮಡದಿಯ ಕಥೆ ನೆನಪಾಯಿತು. ಆಕೆ ಮಲೆಯಾಳದ ನಿಘಂಟುಕಾರರಾದ ಹೆರ್ಮನ್ ಗುಂಡರ್ಟರ ಮಗಳು ಮರೀ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ತಂದೆಯ ನಿಘಂಟು 1872ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು. ಮೊದಲು ಇಸೆನ್‌ಬೆರ್ಗ್ ಎಂಬ ಪಾದ್ರಿಯನ್ನು ಮದುವೆಯಾದಳು; ಅಕ್ಷರಾರ್ಥದಲ್ಲಿ ಕಬ್ಬಿಣದ ಗುಡ್ಡ, ಇದೂ ಸ್ಥಳದ ಹೆಸರೇ. ಆತನು 1870ರಲ್ಲಿ ತೀರಿಕೊಂಡನು. 1874ರಲ್ಲಿ ಯೋಹಾನ್ನೆಸ್ ಹೆಸ್ಸೆಯ ಕೈಹಿಡಿದಳು. ಗುಂಡರ್ಟ್, ಇಸೆನ್‌ಬೆರ್ಗ್, ಹೆಸ್ಸೆ; ಒಂದು ಜನ್ಮದಲ್ಲಿ ಮೂರು ಕುಲನಾಮಗಳು. ಹುಟ್ಟಿದ ತಲಶ್ಶೇರಿಯ ಹೆಸರು ಒಂದರಲ್ಲಿಯೂ ಇಲ್ಲ. ಇವರ ಮಗನೇ 1946ರ ನೊಬೆಲ್ ಪಾರಿತೋಷಕವನ್ನು ಪಡೆದ, 'ಸಿದ್ಧಾರ್ಥ'ವನ್ನು ಬರೆದ ಹೆರ್ಮನ್ ಹೆಸ್ಸೆ. ಹೆಸರಿನಲ್ಲಿ ತಂದೆಯ ಪೂರ್ವಿಕರ ಸೀಮೆ ಉಳಿಯಿತು, ಬರವಣಿಗೆಯಲ್ಲಿ ತಾಯಿಯ ಜನ್ಮಭೂಮಿ ಉಳಿಯಿತೆಂದು ನಾನು ಹೇಳಿದೆನು. "ಅದು ಪುಸ್ತಕ ಬರೆದವರ ಮಾತು" ಎಂದು ಅವಳು ಒಳಗೆ ಹೋದಳು.

ಹನ್ನೊಂದನೆಯ ದಿನ ನೆಲ್ಲಿಯಡ್ಕಕ್ಕೆ ಹೋಗಿ ಬರುವುದೆಂದು ನಿಶ್ಚಯಿಸಿದೆನು. ಕಾಣದ ಊರಿನ ಹೆಸರನ್ನು ಕೂಸಿನ ತಲೆಗೆ ಕಟ್ಟುವ ಮೊದಲು ನಾನಾದರೂ ನೋಡಿಬರಬೇಕಲ್ಲವೆ? ಕೊನೆಯ ಸಲ ಹೋದುದು ನನ್ನ ಹತ್ತನೆಯ ವಯಸ್ಸಿನಲ್ಲಿ. ಸ್ಟೇಟ್ ಬ್ಯಾಂಕಿನ ನಿಲ್ದಾಣದಲ್ಲಿ ಬಸ್ಸು ಹಿಡಿದು ಕಲ್ಲಡ್ಕದ ದಾರಿಯಾಗಿ ವಿಟ್ಲದಲ್ಲಿ ಇಳಿದೆನು. ರಿಕ್ಷಾದ ಹುಡುಗನಿಗೆ ನೆಲ್ಲಿಯಡ್ಕವೆಂದರೆ ತಿಳಿಯಲಿಲ್ಲ. ಅವನ ಫೋನಿನಲ್ಲಿಯೂ ಇಲ್ಲ. ಎರಡು ಅಂಗಡಿಗಳಲ್ಲಿ ಕೇಳಿದ ಮೇಲೆ ಮುದುಕನೊಬ್ಬನು, "ರಬ್ಬರ್ ತೋಟದ ತಿರುವಿಗೆ ಹೋಗಿ" ಎಂದನು. ಈಗ ಅದೇ ಆ ಜಾಗದ ಹೆಸರು.

ಇಳಿದು ನೋಡಿದರೆ ಗುಡ್ಡದ ಇಳಿಜಾರಿನುದ್ದಕ್ಕೂ ರಬ್ಬರಿನ ಮರಗಳು, ಪ್ರತಿಯೊಂದರ ಕುತ್ತಿಗೆಗೂ ಪ್ಲಾಸ್ಟಿಕ್ಕಿನ ಹೊದಿಕೆ. ನೆಲ್ಲಿಯ ಮರ ಒಂದೂ ಕಾಣಲಿಲ್ಲ. ನಮ್ಮ ಮನೆಯಿದ್ದ ಕಡೆ ಕೆಂಪುಕಲ್ಲಿನ ಪಂಚಾಂಗದ ಒಂದು ಮೂಲೆ, ಕಟ್ಟೆ ಕುಸಿದ ಬಾವಿ. ಬಾವಿಗೆ ಯಾರೋ ಬಲೆ ಹೊದಿಸಿದ್ದರು. ಮಳೆಯ ನೀರು ಮೇಲಿನ ತನಕ ತುಂಬಿತ್ತು.

ಪಕ್ಕದ ಅಂಗಳದಿಂದ ಎಂಬತ್ತು ದಾಟಿದ ಹೆಂಗಸೊಬ್ಬಳು ಕೋಲೂರಿ ಬಂದು, "ಈರ್ ಏರ್?" ಎಂದು ತುಳುವಿನಲ್ಲಿ ಕೇಳಿದಳು. ಯಾರು ನೀವೆಂದು. ನಾನು ತಂದೆಯವರ ಹೆಸರು ಹೇಳಿ, ನೆಲ್ಲಿಯಡ್ಕದವರೆಂದೆನು. ಅವಳಿಗೆ ಗುರುತು ಹತ್ತಲಿಲ್ಲ. ನೆಲ್ಲಿಯಡ್ಕದವರೆಂದರೆ ಅಲ್ಲಿ ನಾಲ್ಕು ಮನೆಯವರೂ ಆಗಬಹುದಷ್ಟೆ, ಅವಳೂ ನೆಲ್ಲಿಯಡ್ಕದವಳೇ. ಪುಸ್ತಕದ ಅಚ್ಚಿನ ಕೆಲಸಕ್ಕೆ ಪೇಟೆಗೆ ಹೋದವರೆಂದು ಬಿಡಿಸಿ ಹೇಳಿದಾಗ ಅವಳ ಮುಖ ಅರಳಿತು. "ಓ, ಕುಡ್ಲದಕುಲು!" ಎಂದಳು.

ತುಳುವರು ಮಂಗಳೂರನ್ನು ಕುಡ್ಲವೆನ್ನುವರು. ಕುಡ್ಲದಕುಲು ಎಂದರೆ ಮಂಗಳೂರಿನವರು. ಅರುವತ್ತು ವರ್ಷಗಳಿಂದ ಆ ಗುಡ್ಡದಲ್ಲಿ ನಮ್ಮ ಮನೆತನದ ಹೆಸರು ಅದು! ಕೊಡಿಯಾಲ್‌ಬೈಲಿನಲ್ಲಿ ನಾವು ನೆಲ್ಲಿಯಡ್ಕದವರು, ನೆಲ್ಲಿಯಡ್ಕದಲ್ಲಿ ಕುಡ್ಲದವರು. ಹೆಸ್ಸೆನ್ನಿನಲ್ಲಿ ಹೆಸ್ಸೆಯಿಲ್ಲವೆಂಬುದನ್ನು ಬಲ್ಮಠದ ಗುಡ್ಡದ ಮೇಲೆ ನಿಂತು ತರ್ಕದಿಂದ ತಿಳಿದಿದ್ದೆನು. ಇಲ್ಲಿ ಆ ಮುದುಕಿಯ ಬಾಯಿಂದ ಕೇಳಿದೆನು. ಅವಳು ಒಳಗೆ ಕರೆದು ಬೆಲ್ಲ, ನೀರು ಕೊಟ್ಟಳು. ಉಳಿದ ಎರಡು ಮನೆಯವರು ಎಲ್ಲಿಗೆ ಹೋದರೆಂದು ಕೇಳಿದೆನು. ಒಂದು ಮನೆ ಬೊಂಬಾಯಿಗೆ, ಒಂದು ಮನೆ ಘಟ್ಟದ ಮೇಲಕ್ಕೆ. ಅವರನ್ನೂ ಅವಳು ಹಾಗೆಯೇ, ಬೊಂಬಾಯಿಯವರು, ಘಟ್ಟದವರು ಎಂದು ಹೇಳಿದಳು. ನೆಲ್ಲಿಯಡ್ಕವೆಂಬ ಹೆಸರನ್ನು ಅವರು ಬರೆದುಕೊಳ್ಳುವರೋ ಎಂಬುದನ್ನು ಅವಳಿಗೆ ಕೇಳಿ ಪ್ರಯೋಜನವಿರಲಿಲ್ಲ.

ಅಂದು ರಾತ್ರಿ ಮಗನಿಗೆ ಫೋನ್ ಮಾಡಿದೆನು. ಭಟ್ಟನೆಂದರೆ ಪಂಡಿತನೆಂದು ಅರ್ಥ. ನಮ್ಮ ದೇಶದಲ್ಲಿ ಊರಿಗೆ ಹತ್ತು ಮಂದಿ ಭಟ್ಟರಿದ್ದಾರೆ, ಅಲ್ಲಿ ಮುಲ್ಲರರಿದ್ದಂತೆ. ನೆಲ್ಲಿಯಡ್ಕವೆಂದು ಬರೆಸು ಎಂದೆನು.

"ಇಲ್ಲಿಯವರ ನಾಲಿಗೆಗೆ ಕಷ್ಟ ಅಪ್ಪಾ" ಎಂದನು.

"ಕ್ಯೋನಿಗ್ಸ್‌ಬೆರ್ಗರ್ ಎಂಬುದು ನಮ್ಮವರ ನಾಲಿಗೆಗೆ ಸುಲಭವಾಗಿತ್ತೋ? ಅದು ಇರಲಿ, ನೀನು ಎಸ್ಲಿಂಗೆನ್ನಿನಲ್ಲಿ ಎಸ್ಲಿಂಗರ್ ಎಂಬ ಹೆಸರಿನವರನ್ನು ಯಾರನ್ನಾದರೂ ನೋಡಿದ್ದೀಯೋ?"

ಅವನು ಸ್ವಲ್ಪ ಯೋಚಿಸಿ, "ಇಲ್ಲ. ಮೊದಲಿನ ಕೆಲಸದಲ್ಲಿ ಒಬ್ಬ ಇದ್ದ, ಅವ ಹಂಬುರ್ಗಿನವ" ಎಂದನು. ನಾನು ನಕ್ಕುದೇಕೆಂದು ಅವನಿಗೆ ತಿಳಿಯಲಿಲ್ಲ.

ಹೆಸರನ್ನು ಅಕ್ಷರಕ್ಷರವಾಗಿ ಎರಡು ಸಲ ಹೇಳಿ ಬರೆಸಿದೆನು. ಮೊನ್ನೆ ಜನನಪತ್ರದ ಚಿತ್ರ ಬಂದಿದೆ. ಅಲ್ಲಿಯ ಗುಮಾಸ್ತರು 'ಎಲ್' ಅಕ್ಷರವನ್ನು ಒಂದೇ ಸಲ ಬರೆದು ನೆಲಿಯಡ್ಕವೆಂದು ಮಾಡಿದ್ದಾರೆ. ತಂದೆಯವರಿದ್ದಿದ್ದರೆ ಕೆಂಪು ಶಾಯಿಯಲ್ಲಿ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ತಿದ್ದುಪಡಿಗೆ ಮಗನು ಮತ್ತೊಂದು ಅರ್ಜಿ ಕೊಟ್ಟಿದ್ದಾನಂತೆ.